ಗೈಡ್ ಕೇಳಿದ ನಾಲ್ಕು ಉತ್ತರ

ಕಂಪ್ಯೂಟರ್ ನೆಟ್‌ವರ್ಕಿಂಗ್ ಪರೀಕ್ಷೆಗೆ ಕಟ್ಟಿದ್ದ ಬಸವಂತ ಹಳೇ ಪುಸ್ತಕದಂಗಡಿಗೆ ಬಂದ. ಕಪಾಟಿನಿಂದ ದಪ್ಪ ಪುಸ್ತಕವೊಂದು ಹೇಳಿತು: "ನನ್ನನ್ನು ಕೊಂಡರೆ ನೀವೇ ನೆಟ್‌ವರ್ಕ್ ಕಟ್ಟಬೇಕು, ನೀವೇ ಕೆಡಿಸಬೇಕು, ಮತ್ತೆ ನೀವೇ ಸರಿಮಾಡಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ."

ಪಕ್ಕದ ತೆಳ್ಳನೆಯ ಗೈಡ್ ನಡುವೆ ಬಾಯಿ ಹಾಕಿತು: "ಕೆಡಿಸುವುದು ಯಾಕೆ ಸ್ವಾಮಿ? ಪರೀಕ್ಷೆಗೆ ಬರುವ ಪ್ರಶ್ನೆಗಳೆಲ್ಲ ನನ್ನಲ್ಲಿವೆ. ಎ, ಬಿ, ಸಿ, ಡಿಯಲ್ಲಿ ಯಾವುದು ಸರಿ ಎಂದು ಬಾಯಿಪಾಠ ಮಾಡಿ, ಸಾಕು."

ಬಸವಂತ ಗೈಡನ್ನೇ ಕೊಂಡ. ಪಾಸಾದ. ಆಸ್ಪತ್ರೆಯೊಂದರ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸವೂ ಸಿಕ್ಕಿತು. ಆಯುಧಪೂಜೆಯ ದಿನ ಅಲ್ಲಿನ ಯಂತ್ರಗಳ ಜೊತೆ ಗೈಡಿಗೂ ಕುಂಕುಮ ಹಚ್ಚಿ ಕೈಮುಗಿದ.

ಒಂದು ಮಧ್ಯಾಹ್ನ ನೆಟ್‌ವರ್ಕ್ ನಿಂತುಹೋಯಿತು. ಆಪರೇಷನ್ ಥಿಯೇಟರಿನಿಂದ ನರ್ಸ್ ಓಡಿಬಂದಳು. "ಪೇಷಂಟ್ ಸ್ಕ್ಯಾನ್ ಕಾಣಿಸ್ತಿಲ್ಲ ಸಾರ್! ಡಾಕ್ಟ್ರು ಕಾಯ್ತಿದ್ದಾರೆ, ಬೇಗ ಏನಾದ್ರೂ ಮಾಡಿ!" ಎಂದು ಕೂಗಿ ಮತ್ತೆ ಒಳಗೆ ಓಡಿದಳು.

ಬಸವಂತ ಗೈಡ್ ತೆರೆದ. "ಎಲ್ಲಿ ಕೆಟ್ಟಿದೆ, ಹೇಳು!"

"ಮೊದಲು ನಾಲ್ಕು ಉತ್ತರ ಕೊಡಿ" ಎಂದಿತು ಗೈಡ್. "ಅದರಲ್ಲಿ ಸರಿಯಾದದ್ದು ಯಾವುದೆಂದು ಹೇಳುತ್ತೇನೆ."

ಬಸವಂತ ಆ ನಾಲ್ಕು ಉತ್ತರಗಳನ್ನೂ ಗೈಡಿನಲ್ಲೇ ಹುಡುಕತೊಡಗಿದ. ಅವನಿನ್ನೂ ಹಾಳೆ ತಿರುವುತ್ತಿರುವಾಗಲೇ ನರ್ಸ್ ಮತ್ತೆ ಬಂದಳು. ಈ ಸಲ ಓಡಿಬರಲಿಲ್ಲ.