ಅಗುಳಿ ಹಾಕಿದ ಮನೆಯ ಕಳ್ಳ

ಹೊಳೆಗೋಟೆಯ ರಾಜ ಡಂಗುರ ಹೊಡೆಸಿದ. ಮೂರು ಒಗಟು. ಬಿಡಿಸಿದವನು ಕೇಳಿದ್ದು ಕೊಡುತ್ತೇನೆ. ತಪ್ಪಿದವನ ತಲೆ ತೆಗೆಸುತ್ತೇನೆ.

ರಾಜಕುಮಾರಿ ಹೊನ್ನಾಂಬೆಗೆ ಕೈಕಾಲು ಮಾತು ಕೇಳುತ್ತಿರಲಿಲ್ಲ. ಯಾರೋ ವಿಷ ಹಾಕಿದ್ದಾರೆ ಅಂತ ರಾಜನಿಗೆ ಗುಮಾನಿ. ಅಡುಗೆಯ ಬೊಮ್ಮಣ್ಣನನ್ನು ಸೆರೆಗೆ ಹಾಕಿಸಿದ್ದ. ಅಮಾವಾಸ್ಯೆಗೆ ಶೂಲ. ಮದ್ದು ಬಲ್ಲೆ ಎಂದ ಮುದಿ ಪಂಡಿತರ ಮೇಲೂ ಗುಮಾನಿ.

"ನನ್ನನ್ನು ನಂಬಬೇಡಿ" ಎಂದರು ಪಂಡಿತರು. "ನನಗೆ ಗೊತ್ತಿರುವುದನ್ನು ಒಗಟು ಮಾಡುತ್ತೇನೆ. ಉತ್ತರ ಹೊನ್ನಾಂಬೆ ಅಮ್ಮಣ್ಣಿಯವರ ಕಿವಿಯಲ್ಲಿ ಹೇಳಿರುತ್ತೇನೆ. ಹೊರಗಿನವನೊಬ್ಬ ಅದನ್ನೇ ಹೇಳಿದರೆ ನಂಬಿ."

ಇಬ್ಬರು ರಾಜಕುಮಾರರು ಬಂದರು. ಮೊದಲ ಒಗಟಿಗೆ ಒಬ್ಬ ಬಟ್ಟೆ ಎಂದ, ಇನ್ನೊಬ್ಬ ಋಣ ಎಂದ. ಇಬ್ಬರೂ ಮನೆಗೆ ಹೋಗಲಿಲ್ಲ.

ಆಮೇಲೆ ಬಂದವನು ಸಿರಿಯಣ್ಣ. ಬೊಮ್ಮಣ್ಣನ ತಮ್ಮ, ಕುರಿ ಕಾಯುವವನು.

"ಅಡುಗೆಯವನ ತಮ್ಮನೋ. ಇವನನ್ನು ಮೊದಲೇ ಹಿಡಿಸಬೇಕಿತ್ತು" ಎಂದ ರಾಜ.

ಪಂಡಿತರು ಕೇಳಿದರು. "ಹಾವು ಬಿಟ್ಟರೆ ಬೆಳೆಯುತ್ತದೆ. ನರ ಬಿಟ್ಟರೆ ಸೊರಗುತ್ತದೆ. ತಾಯಿ ಬಿಟ್ಟರೆ ಮಗು ಉಳಿಯದು. ಒಂದೇ ಮಾತು, ಯಾವುದು?"

"ಪೊರೆ. ಹಾವು ಬಿಡುವುದು ಪೊರೆ. ನರಕ್ಕೆ ಸುತ್ತಿರುವುದೂ ಪೊರೆ. ತಾಯಿ ಮಾಡುವುದೂ ಪೊರೆಯುವುದೇ."

"ನರಕ್ಕೆ ಪೊರೆ ಇದೆ ಅಂತ ಯಾರು ಹೇಳಿಕೊಟ್ಟರು?" ರಾಜ ಪಂಡಿತರನ್ನೇ ನೋಡುತ್ತಿದ್ದ.

"ಕುರಿ ಕೊಯ್ದಾಗ ಕಂಡಿದ್ದೇನೆ ಸ್ವಾಮಿ. ಬೆಳ್ಳಗೆ ಸುತ್ತಿರುತ್ತದೆ."

ಹೊನ್ನಾಂಬೆ ತಲೆಯಾಡಿಸಿದಳು. ಸರಿ.

ಪಂಡಿತರು ಎರಡನೆಯದನ್ನು ಕೇಳಿದರು. "ಬಾಗಿಲಿಗೆ ಅಗುಳಿ ಹಾಕಿದೆ. ಕನ್ನ ಬಿದ್ದಿಲ್ಲ. ಆದರೂ ಆ ಪೊರೆ ಕಳುವಾಗುತ್ತಿದೆ. ಕಳ್ಳ ಯಾರು?"

"ಅಡುಗೆಯವನು ತಾನೇ? ಹೇಳು, ತಲೆ ಉಳಿಸುತ್ತೇನೆ" ಎಂದ ರಾಜ.

ಸಿರಿಯಣ್ಣ ಹೊನ್ನಾಂಬೆ ಮಲಗಿದ್ದ ಕಡೆ ನೋಡಿದ.

"ನನ್ನ ಹೆಂಡತಿಯೂ ಹೀಗೇ ಮಲಗಿದಳು ಸ್ವಾಮಿ. ಹೀಗೇ ಹೋದಳು. ಅವಳಿಗೆ ಅಡುಗೆ ಮಾಡಿದವನು ನಾನೇ. ನಾನು ವಿಷ ಹಾಕಿರಲಿಲ್ಲ."

ಆಮೇಲೆ ಒಗಟಿಗೆ ಉತ್ತರ ಹೇಳಿದ.

"ಕಳ್ಳ ಕಾವಲಿನವನೇ. ಹುಚ್ಚು ಹಿಡಿದ ನಾಯಿ ಮನೆಯವರನ್ನೇ ಕಚ್ಚುತ್ತದಲ್ಲ, ಹಾಗೆ. ಮೈ ಕಾಯುವುದೇ ಮೈಯನ್ನು ತಿನ್ನುತ್ತಿದೆ."

ಸರಿ ಎಂದಳು ಹೊನ್ನಾಂಬೆ. ಅವಳ ಕಣ್ಣು ತುಂಬಿತ್ತು.

ಪಂಡಿತರು ಮೂರನೆಯದನ್ನು ಕೇಳಿದರು. "ಪೊರೆ ಮತ್ತೆ ಹೆಣೆಯಲು ಹೊಸಬನನ್ನು ಒಳಗೆ ಬಿಡಬೇಕು. ಕಾವಲಿನವನು ಅವನನ್ನೂ ಕೊಲ್ಲುತ್ತಾನೆ. ಯಾರನ್ನು ಬಿಡುವುದು?"

"ತಬ್ಬಲಿ ಮರಿಯನ್ನು ಬಿಟ್ಟರೆ ತಾಯಿಕುರಿ ಮೂಸಿ ಒದೆಯುತ್ತದೆ. ಅದರ ಸತ್ತ ಮರಿಯ ಚರ್ಮ ಹೊದಿಸಿ ಬಿಟ್ಟರೆ ಹಾಲು ಕೊಡುತ್ತದೆ. ತನ್ನ ವಾಸನೆ ಇರಬೇಕು. ಹೊಸಬ ಅಮ್ಮಣ್ಣಿಯವರ ಮೈಯಲ್ಲೇ ಹುಟ್ಟಿದವನಾಗಬೇಕು."

ಇದಕ್ಕೂ ಹೊನ್ನಾಂಬೆ ತಲೆಯಾಡಿಸಿದಳು. ಪಂಡಿತರು ಬಿಡಿಸಿ ಹೇಳಿದರು. ಎಲುಬಿನ ಮಜ್ಜೆಯಲ್ಲಿ ಇನ್ನೂ ಯಾವ ಕೆಲಸವನ್ನೂ ಹಿಡಿಯದ ಎಳೆ ಕಣಗಳಿವೆ. ಅವನ್ನು ತೆಗೆದು, ಪೊರೆ ಹೆಣೆಯುವುದನ್ನು ಕಲಿಸಿ, ಪೈರಿನ ಹಾಗೆ ಬೆನ್ನುಹುರಿಗೆ ನಾಟಿ ಮಾಡಬೇಕು. ಕಾವಲು ತಣ್ಣಗಾಗಲು ಮದ್ದನ್ನೂ ಕೊಡಬೇಕು.

"ನಿನಗೇನು ಬೇಕು?" ಎಂದ ರಾಜ.

"ಅಣ್ಣನನ್ನು ಬಿಡಿ."

ಬಿಟ್ಟರು. ಕುರಿ ಮೇಯಲು ಹುಲ್ಲುಗಾವಲನ್ನೂ ಕೊಟ್ಟರು. ನಾಟಿಯೂ ಆಯಿತು.

ಚಳಿಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಬೊಮ್ಮಣ್ಣ ಗಂಜಿ ತಂದಿಟ್ಟ. ರುಚಿ ನೋಡುವ ಆಳಿಗಾಗಿ ರಾಜ ಆಚೀಚೆ ಕಣ್ಣಾಡಿಸಿದ. ಅಷ್ಟರಲ್ಲಿ ಹೊನ್ನಾಂಬೆ ತನ್ನ ಕೈಯಿಂದಲೇ ಬಟ್ಟಲು ಎತ್ತಿದಳು. ಅರ್ಧ ಚೆಲ್ಲಿತು. ಉಳಿದದ್ದು ಕುಡಿದಳು.