ಹೊನ್ನಿ ನುಂಗಿಕೊಂಡ ಕೂಗು

ಒಂದು ಕಾಡಿನಲ್ಲಿ, ಹಳ್ಳದ ಪಕ್ಕದ ಎತ್ತರದ ಮತ್ತಿಮರದ ಮೇಲೆ, ಹೊನ್ನಿ ಎಂಬ ಹೆಣ್ಣು ಮುಸುವ ಒಂಟಿಯಾಗಿ ಇತ್ತು. ಕಪ್ಪು ಮುಖದ, ಉದ್ದ ಬಾಲದ ಈ ಕೋತಿಗಳು ಒಂಟಿಯಾಗಿ ಬಾಳುವ ಪ್ರಾಣಿಗಳಲ್ಲ. ಹೊನ್ನಿಗೂ ಒಂದು ಹಿಂಡಿತ್ತು, ಅವ್ವ ಇತ್ತು, ಅವ್ವನ ಹೊಟ್ಟೆಗೆ ಅಂಟಿಕೊಂಡೇ ಇರುತ್ತಿದ್ದ ಪುಟ್ಟ ತಂಗಿ ಇತ್ತು. ನಾಲ್ಕು ಬೇಸಿಗೆಯ ಹಿಂದೆ ಈ ಕಡೆ ಅತ್ತಿಹಣ್ಣು ಮುಗಿದಾಗ ಹಿಂಡು ಗುಡ್ಡ ದಾಟಿ ಹೋಯಿತು. ಹೊನ್ನಿ ಹೋಗಲಿಲ್ಲ. ಹೋಗಬಾರದು ಎಂದು ನರಿ ಹೇಳಿತ್ತು.

ಆ ನರಿ ಕಾಡಿಗೆಲ್ಲ ಬುದ್ಧಿ ಹೇಳುತ್ತಿತ್ತು. ಕೆಲಸ ಮಾಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಕಾಡು ಎಂದರೆ ಒಂದು ದೇಹ ಎಂದು ಅದು ದಿನವೂ ಹೇಳುತ್ತಿತ್ತು. ಜಿಂಕೆಗಳು ಕಾಲು, ಕಾಡುಕೋಣ ಬೆನ್ನು, ಮರದ ಮೇಲಿನ ಹೊನ್ನಿ ಕಣ್ಣು. ನೀನೇನು ಎಂದು ಕೇಳಿದರೆ, ತಲೆ ಎಂದು ನಾಚಿಕೊಂಡು ಹೇಳುತ್ತಿತ್ತು.

ಹಿಂಡು ಹೊರಟ ದಿನ ನರಿ ಮರದ ಕೆಳಗೆ ಬಂದು, “ಕಣ್ಣು ತನ್ನ ಜಾಗ ಬಿಟ್ಟು ಹೋದರೆ ದೇಹ ಉಳಿಯುತ್ತಾ, ಹೊನ್ನಮ್ಮ?” ಎಂದು ಕೇಳಿತ್ತು. ನೀನು ಹೋದರೆ ಇಷ್ಟೂ ಜೀವ ಹೋಗುತ್ತದೆ ಎಂದರೆ ಯಾರಿಗೆ ತಾನೇ ಹೊರಡಲು ಮನಸ್ಸು ಬರುತ್ತದೆ?

ಹುಲಿ ಕಂಡರೆ ಹೊನ್ನಿ ‘ಖಕ್ ಖಕ್’ ಎಂದು ಕೂಗಬೇಕು. ಆ ಕೂಗು ಕೇಳಿದ ಕೂಡಲೇ ಜಿಂಕೆಗಳು ಹಿಂದೆ ಮುಂದೆ ನೋಡದೆ ಪೂರ್ವದ ಕೊರಕಲಿಗೆ ಓಡಬೇಕು. ಇದು ನರಿ ಹಾಕಿಕೊಟ್ಟ ಪದ್ಧತಿ. ಕೆಲವು ದಿನ ಹೊನ್ನಿಗೆ ಏನೂ ಕಾಣುತ್ತಿರಲಿಲ್ಲ. ಆಗ ನರಿಯೇ ಬಂದು, ಪಶ್ಚಿಮದ ಬಿದಿರಿನಲ್ಲಿ ಹುಲಿ ಅಡಗಿದೆ, ಕೂಗು ಎನ್ನುತ್ತಿತ್ತು. ಹೊನ್ನಿ ಕೂಗುತ್ತಿತ್ತು. ಕಾಯುವವಳ ಗಂಟಲು ಅಪಾಯ ಸಾರುವುದಕ್ಕಷ್ಟೇ, ಬೇರೆ ಯಾವ ದನಿಯೂ ಹೊರಡಬಾರದು ಎಂಬ ಕಟ್ಟಳೆಯೂ ಇತ್ತು.

ಹೊನ್ನಿಯನ್ನು ಸುಟ್ಟದ್ದು ಈ ಕಟ್ಟಳೆಯೇ. ದಿನಾ ಬೆಳಕು ಹರಿಯುವಾಗ ಗುಡ್ಡದ ಆಚೆಯಿಂದ ‘ಹೂಂಪ್, ಹೂಂಪ್’ ಎಂಬ ಕೂಗು ಬರುತ್ತಿತ್ತು. ನಾವಿಲ್ಲಿದ್ದೇವೆ, ನೀನೆಲ್ಲಿದ್ದೀಯ ಎಂದು ಮುಸುವಗಳು ತಮ್ಮವರನ್ನು ಕೇಳುವ ಕೂಗು ಅದು. ಮೊದಲಿಗೆ ದಪ್ಪಗೆ ಎದ್ದು ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ಅವ್ವನ ದನಿ. ಹೊನ್ನಿಯ ಎದೆ ಉಬ್ಬಿ ಉತ್ತರ ಗಂಟಲಿನವರೆಗೆ ಬರುತ್ತಿತ್ತು. ಹೊನ್ನಿ ಮರದ ತೊಗಟೆ ಕಚ್ಚಿ ಅದನ್ನು ನುಂಗಿಕೊಳ್ಳುತ್ತಿತ್ತು. ಕೂಗು ನಿಂತ ಮೇಲೂ ಬಹಳ ಹೊತ್ತು ಗುಡ್ಡದ ಕಡೆಗೇ ನೋಡುತ್ತಿತ್ತು. ಕಾಡಿನ ಕಣ್ಣು ಆ ಹೊತ್ತಿನಲ್ಲಿ ಕಾಡನ್ನು ನೋಡುತ್ತಿರಲಿಲ್ಲ, ಪಾಪ.

ಒಂದು ಬೆಳಗ್ಗೆ ತಾಯಿ ಜಿಂಕೆಯೊಂದು ಮರದ ಬುಡಕ್ಕೆ ಬಂತು. ಮೊದಲು ಎಷ್ಟೋ ಮರಿಗಳು ಹೋದಂತೆ, ಹಿಂದಿನ ದಿನದ ಓಟದಲ್ಲಿ ಅದರ ಮರಿಯೂ ಕಾಣೆಯಾಗಿತ್ತು. ನರಿಯ ಬಳಿ ಹೇಳಿಕೊಂಡರೆ, ದೇಹ ಬೆಳೆಯುವಾಗ ಉಗುರು ಉದುರುವುದಿಲ್ಲವೇ ಎಂದು ಅದು ಸಮಾಧಾನ ಮಾಡಿತ್ತಂತೆ. ಮರಿ ಹೋದದ್ದರಿಂದಲೇ ಉಳಿದವರ ಕಾಲು ಚುರುಕಾಗಿದೆ, ಕಾಡಿನಲ್ಲಿ ನಡೆಯುವುದಕ್ಕೆಲ್ಲ ಒಂದು ಉಪಯೋಗ ಇದ್ದೇ ಇರುತ್ತದೆ ಎಂದಿತ್ತಂತೆ.

“ಹೊನ್ನಕ್ಕಾ, ನಿನ್ನೆ ಹುಲಿ ಯಾವ ಕಡೆ ಇತ್ತು?” ಎಂದು ಜಿಂಕೆ ಕೇಳಿತು.

“ಪಶ್ಚಿಮದ ಬಿದಿರಲ್ಲಿ. ನರಿಯಣ್ಣ ಹೇಳಿದ.”

“ನನ್ನ ಮರಿ ಹೋಗಿದ್ದು ಪೂರ್ವದ ಕೊರಕಲಲ್ಲಿ. ಆ ಕಡೆ ಇದ್ದ ಹುಲಿ ಈ ಕಡೆ ಹೇಗೆ ತಿಂತು, ನೀನೇ ಹೇಳು.”

ನಾಲ್ಕು ವರ್ಷ ತಾನು ಜೀವ ಉಳಿಸುತ್ತಿದ್ದೇನೆ ಎಂದುಕೊಂಡೇ ಹೊನ್ನಿ ಅವ್ವನನ್ನು ಬಿಟ್ಟು ಕುಳಿತಿತ್ತು. ತನ್ನ ಕೂಗೇ ಮರಿಗಳನ್ನು ಕೊರಕಲಿಗೆ ಅಟ್ಟುತ್ತಿತ್ತು ಎಂದು ಈಗ ತಿಳಿಯಿತು. ಅದು ಕೊಂಬೆಯನ್ನು ತಬ್ಬಿಕೊಂಡು ಅತ್ತಿತು.

ಅಷ್ಟರಲ್ಲಿ ನರಿ ಬಂತು. ಹುಲಿ ಬಂದಿದೆ, ಬೇಗ ಕೂಗು ಎಂದು ಹೇಳಿ ಪೂರ್ವದ ಕಡೆಗೆ ಸರಸರನೆ ಹೋಯಿತು. ಅದೇ ಹೊತ್ತಿಗೆ ಗುಡ್ಡದ ಆಚೆಯಿಂದ ಆ ದನಿ ಬಂತು. ಹೊನ್ನಿ ಬಾಯಿ ತೆರೆಯಿತು. ಹೊರಬಂದದ್ದು ‘ಖಕ್ ಖಕ್’ ಅಲ್ಲ. ನಾಲ್ಕು ವರ್ಷ ನುಂಗಿಕೊಂಡಿದ್ದ ‘ಹೂಂಪ್’ ಎಂಬ ಕೂಗು ಕಾಡೆಲ್ಲ ತುಂಬಿತು.

ಜಿಂಕೆಗಳ ಕಿವಿ ನೆಟ್ಟಗಾದವು. ಈ ಕೂಗಿಗೆ ಎಲ್ಲಿಗೆ ಓಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಅವು ನಿಂತು ತಮ್ಮ ಕಣ್ಣಿನಿಂದಲೇ ಸುತ್ತ ನೋಡಿದವು. ಬಿದಿರಿನಲ್ಲಿ ಹುಲಿ ಇರಲಿಲ್ಲ. ಕೊರಕಲಿನ ಬಂಡೆಗಳ ನಡುವೆ ಮಾತ್ರ ನರಿಯ ಎರಡು ಕಿವಿ ಕಂಡವು.

ತಾಯಿ ಜಿಂಕೆ ಮೊದಲು ನುಗ್ಗಿತು. ಕೊಂಬು ತಗ್ಗಿಸಿಕೊಂಡು ಗಂಡು ಜಿಂಕೆಗಳು ಹಿಂದೆ ಹೋದವು. ಒಳಗೆ ಬಂದವರು ತಿರುಗಲಾಗದಷ್ಟು ಇಕ್ಕಟ್ಟಿನ ಜಾಗವನ್ನು ನರಿ ಹುಡುಕಿ ಆರಿಸಿತ್ತು. ಈಗ ಅದಕ್ಕೇ ತಿರುಗಲಾಗಲಿಲ್ಲ. ದೇಹದ ವಿಷಯ ತೆಗೆಯಲು ನೋಡಿತು, ಕೇಳುವವರಿರಲಿಲ್ಲ. ಹೇಗೋ ಜೀವ ಉಳಿಸಿಕೊಂಡು ಕುಂಟುತ್ತ ಓಡಿತು. ಆಮೇಲೆ ಹಳ್ಳದ ಏಡಿ ಹಿಡಿದು ತಿನ್ನುವುದೇ ಅದರ ಬದುಕಾಯಿತು.

ಹೊನ್ನಿ ಎರಡು ದಿನ ಉಳಿದು, ಸರದಿಯ ಮೇಲೆ ಕಾವಲು ಕಾಯುವುದನ್ನು ಜಿಂಕೆಗಳಿಗೆ ಕಲಿಸಿತು. ಕಾಡೇನೂ ಮುಳುಗಲಿಲ್ಲ. ಮೂರನೆಯ ದಿನ ಹೊನ್ನಿ ಗುಡ್ಡ ದಾಟಿತು.

ಆಚೆಯ ಅತ್ತಿಮರದಲ್ಲಿ ಒಂದು ಎಳೆಯ ಮುಸುವ ಕುಳಿತು ಕೂಗುತ್ತಿತ್ತು. ಅದೇ ದನಿ, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ಅದು ತಂಗಿ. ಹೊನ್ನಿ ಅವ್ವನನ್ನು ಕೇಳಿತು.

“ಅವ್ವ ಹೋಗಿ ಎರಡು ಬೇಸಿಗೆ ಆಯ್ತು, ಅಕ್ಕಾ,” ಎಂದಿತು ತಂಗಿ. “ದಿನಾ ನನ್ನ ಥರಾನೇ ಕೂಗು, ಇಲ್ಲಾಂದ್ರೆ ಹೊನ್ನಿಗೆ ದಾರಿ ಗೊತ್ತಾಗಲ್ಲ ಅಂತ ಹೇಳಿಕೊಟ್ಟು ಹೋದಳು.”

ಹೊನ್ನಿ ತಂಗಿಯ ಬೆನ್ನಿನ ಕೂದಲನ್ನು ಕತ್ತಲಾಗುವವರೆಗೂ ಸವರುತ್ತ ಕುಳಿತಿತು.

ಮರುದಿನ ಬೆಳಕು ಹರಿಯುವಾಗ ತಂಗಿ ಅಭ್ಯಾಸಬಲದಿಂದ ಗುಡ್ಡದ ಕಡೆ ತಿರುಗಿ ಕೂಗಿತು. ಪಕ್ಕದಲ್ಲೇ ಕುಳಿತಿದ್ದ ಹೊನ್ನಿ ಅದಕ್ಕೆ ಉತ್ತರ ಕೊಟ್ಟಿತು.

ನೀತಿ: ಎಲ್ಲವೂ ಇದ್ದಂತೆಯೇ ಇರಬೇಕು, ಅದರಿಂದಲೇ ಎಲ್ಲರಿಗೂ ಒಳ್ಳೆಯದು ಎಂದು ಯಾರಾದರೂ ಹೇಳಿದರೆ, ಆ ಒಳ್ಳೆಯದು ಯಾರ ಹೊಟ್ಟೆ ಸೇರುತ್ತಿದೆ ಎಂದು ಕೇಳಬೇಕು. ತಡಮಾಡದೆ ಕೇಳಬೇಕು.