ಮೊದಲನೇ ಸಾಲೆ, ಕಡೇ ಸಾಲೆ

ಮುತ್ತಿನಕೋಟೆ ಅಂತ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ಹೆಸರು ಉದ್ದಂಡರಾಯ. ಹೆಸರಷ್ಟೇ ಉದ್ದಂಡ, ಮಕ್ಕಳೇ, ಮನುಷ್ಯ ಒಳ್ಳೆಯವನೇ. ಆದರೆ ಅವನಿಗೊಂದು ಚಟ. ಏನು ಕಂಡರೂ ಸಾಲಾಗಿ ನಿಲ್ಲಿಸಿ, ಇದು ಮೊದಲನೇದು, ಇದು ಎರಡನೇದು, ಇದು ಕಡೇದು ಅನ್ನಬೇಕು. ಮಾವಿನಹಣ್ಣು ತಂದರೆ ಮೊದಲು ಸಾಲು ಹಚ್ಚುತ್ತಿದ್ದ, ಆಮೇಲೆ ತಿನ್ನುತ್ತಿದ್ದ. ಸಿಪಾಯಿಗಳ ಮೀಸೆಗೂ ಸಾಲು ಹಚ್ಚಿದ. ಒಮ್ಮೆ ಮೂವರು ರಾಣಿಯರು ಮಾಡಿದ ಸಾರಿಗೂ ಹಚ್ಚಿಬಿಟ್ಟ. ಆಮೇಲೆ ಮೂರು ದಿನ ಅರಮನೆಯಲ್ಲಿ ಒಲೆಯೇ ಹೊತ್ತಲಿಲ್ಲ. ಅಷ್ಟಾದರೂ ಬುದ್ಧಿ ಬರಲಿಲ್ಲ ಅನ್ನಿ.

ಒಂದು ದಿನ ಅವನ ಕಣ್ಣು ಸಾಲೆಗಳ ಮೇಲೆ ಬಿತ್ತು.

ರಾಜಧಾನಿಯಲ್ಲಿ ಇದ್ದದ್ದು ಮೂರೇ ಸಾಲೆ. ಒಂದು ಕೋಟೆ ಬೀದಿಯಲ್ಲಿ. ಅಲ್ಲಿ ಪಂಡಿತ ಮಹಾಬಳಪ್ಪನವರು ಕಲಿಸುತ್ತಿದ್ದರು. ಇನ್ನೊಂದು ಪೇಟೆಯಲ್ಲಿ. ಮತ್ತೊಂದು ಹೊಳೆಯಾಚೆ. ಬುಟ್ಟಿ ಹೆಣೆಯುವವರು, ಮೀನು ಹಿಡಿಯುವವರು, ಕುರಿ ಕಾಯುವವರು ಇರುವ ಕೇರಿಯಲ್ಲಿ. ಅಲ್ಲಿ ಕಲಿಸುತ್ತಿದ್ದವಳು ನೀಲವ್ವ. ಮೊದಲು ಅವಳ ಗಂಡ ಕಲಿಸುತ್ತಿದ್ದ. ಅವನು ತೀರಿಕೊಂಡ ಹನ್ನೆರಡನೇ ದಿನ ಹೊರಗೆ ಬಂದು ನೋಡಿದರೆ ಮಕ್ಕಳು ಬಂದು ಕೂತಿದ್ದವು. ಎದ್ದು ಹೋಗಿರಿ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಬಳಪ ಹಿಡಿದಳು. ಅಂದಿನಿಂದ ಕೇರಿಗೆಲ್ಲ ಅವಳು ನೀಲವ್ವ ಅಕ್ಕೋರು.

ರಾಜ ಡಂಗುರ ಹೊಡೆಸಿದ. "ವರ್ಷಕ್ಕೊಮ್ಮೆ ಪರೀಕ್ಷೆ! ಮೊದಲು ಬಂದ ಸಾಲೆಗೆ ಜರಿ ಬಾವುಟ! ಕಡೆಗೆ ಬಂದ ಸಾಲೆಗೆ ನಾಚಿಕೆ ಗುರುತು!"

ಮೊದಲ ವರ್ಷ ಪರೀಕ್ಷೆಯಾಯಿತು. ಕೋಟೆ ಬೀದಿ ಸಾಲೆ ಮೊದಲು. ಹೊಳೆಯಾಚೆ ಸಾಲೆ ಕಡೆಗೆ. ರಾಜಭಟರು ಬಂದು ನೀಲವ್ವನ ಬಾಗಿಲಿಗೆ ಹರಕು ಮೊರ ಕಟ್ಟಿದರು.

ಎರಡನೇ ವರ್ಷ ಪರೀಕ್ಷೆಯಾಯಿತು. ಕೋಟೆ ಬೀದಿ ಸಾಲೆ ಮೊದಲು. ಹೊಳೆಯಾಚೆ ಸಾಲೆ ಕಡೆಗೆ. ಮೊರದ ಪಕ್ಕ ಒಡಕು ಗಡಿಗೆ ಕಟ್ಟಿದರು.

ಮೂರನೇ ವರ್ಷವೂ ಹಾಗೇ. ಈ ಸಲ ಭಟರು ಏನೂ ಕಟ್ಟಲಿಲ್ಲ. "ಮೂರು ಸಲ ಕಡೇದಾದ ಸಾಲೆಗೆ ಬೀಗ ಅಂತ ಅಪ್ಪಣೆ ಆಗೇತಿ. ಇಲ್ಲಿ ಕುದುರೆ ಲಾಯ ಕಟ್ತಾರ" ಅಂದರು.

ಇಷ್ಟು ವರ್ಷ ನೀಲವ್ವ ನಕ್ಕು ಸುಮ್ಮನಾಗಿದ್ದಳು. ಅವತ್ತು ನಗು ಬರಲಿಲ್ಲ. ಎದುರಿಗೆ ದ್ಯಾಮಿ ಕೂತಿದ್ದಳು. ಬುಟ್ಟಿ ಹೆಣೆಯುವವರ ಮಗಳು, ಏಳು ವರ್ಷದವಳು, ಸಾಲೆಗೆ ಬಂದು ತಿಂಗಳಾಗಿತ್ತು. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರುತ್ತಿದ್ದಳು. ಒಂದರಿಂದ ಒಂಬತ್ತರವರೆಗೆ ಎಣಿಸುತ್ತಿದ್ದಳು. ಒಂಬತ್ತಾದ ಮೇಲೆ "ಭಾಳ" ಅನ್ನುತ್ತಿದ್ದಳು. ಲಾಯ ಕಟ್ಟಿದರೆ ಈ ಹುಡುಗಿ ಸಾಯುವ ತನಕ ಒಂಬತ್ತರ ಆಚೆ ಕಾಣುವುದಿಲ್ಲವಲ್ಲ ಅನ್ನಿಸಿತು ನೀಲವ್ವನಿಗೆ.

ಕೋಟೆ ಬೀದಿ ಸಾಲೆ ಮೊದಲಾಗುವ ಗುಟ್ಟು ಅವಳಿಗೆ ಗೊತ್ತಿತ್ತು. ಆ ಸಾಲೆಯ ಬಾಗಿಲಲ್ಲೇ ಹತ್ತರ ತನಕ ಮಗ್ಗಿ ಒಪ್ಪಿಸಬೇಕು. ಒಪ್ಪಿಸಿದವರಿಗೆ ಒಳಗೆ ಜಾಗ. ಆಮೇಲೂ ಯಾವುದಾದರೂ ಮಗು ಹಿಂದೆ ಬಿದ್ದರೆ, ಪರೀಕ್ಷೆಗೆ ಎಂಟು ದಿನ ಮುಂಚೆ ಪಂಡಿತರು ಅದರ ಬೆನ್ನು ತಟ್ಟಿ, "ನಿನಗ ಇಲ್ಲಿ ಒಗ್ಗೂದಿಲ್ಲಪ. ಹೊಳಿಯಾಚಿ ಸಾಲಿಗಿ ಹೋಗು" ಅನ್ನುತ್ತಿದ್ದರು. ಅಕ್ಕಸಾಲಿಗರ ಸೋಮನಿಂಗ ಹಾಗೇ ಬಂದವನು. ಮಾತು ತೊದಲುತ್ತಿತ್ತು, ಅಷ್ಟೇ ಅವನ ತಪ್ಪು.

ನೀಲವ್ವ ಇಳಕಲ್ ಸೀರೆ ಉಟ್ಟು ಅರಮನೆಗೆ ಹೋದಳು. ಸಭೆಯಲ್ಲಿ ಪಂಡಿತ ಮಹಾಬಳಪ್ಪನವರೂ ಇದ್ದರು. ರಾಜ ಹೊದಿಸಿದ ಶಾಲು ಇನ್ನೂ ಹೆಗಲ ಮೇಲೇ ಇತ್ತು.

"ಮಹಾರಾಜರ, ಮೂರು ಮಾತು ಕೇಳೂದೈತಿ" ಅಂದಳು ನೀಲವ್ವ. "ಕೋಟಿ ಬೀದಿ ಸಾಲಿ ಯಾಕ ಮೊದಲನೇದಾತ್ರಿ?"

ರಾಜ ಪಂಡಿತರ ಕಡೆ ನೋಡಿದ. ಪಂಡಿತರು ಶಾಲು ಸರಿಮಾಡಿಕೊಂಡರು. "ಕಲಿಸೋ ಕೈ ಹಂಗೈತಿ. ನಾನು ಕಲ್ಲಿಗೂ ಮಗ್ಗಿ ಕಲಿಸೇನು."

"ಹೊಳಿಯಾಚಿ ಸಾಲಿ ಯಾಕ ಕಡೇದಾತ್ರಿ?"

"ಕಲಿಸೋ ಕೈ ಸರಿಯಿಲ್ಲ, ಅದಕ್ಕ."

"ಅಂದ್ರ, ಯಾವ ಮಕ್ಕಳು, ಯಾವ ಮನಿ, ಅದರದೇನೂ ಇಲ್ಲ?"

"ಏನೂ ಇಲ್ಲ! ಎಲ್ಲಾ ಗುರುವಿನ ಕೈಯಾಗ."

ನೀಲವ್ವ ರಾಜನಿಗೆ ಕೈಮುಗಿದಳು. "ಹಂಗಾದ್ರ ಬೀಗ ಯಾಕ್ರಿ ಮಹಾರಾಜರ? ಕೈ ಬದಲಿ ಮಾಡ್ರಿ. ಇವರು ಒಂದು ವರ್ಷ ಹೊಳಿಯಾಚಿ ಬರಲಿ. ನಾ ಕೋಟಿ ಬೀದಿಗಿ ಹೋಗ್ತೀನಿ. ಆಗಲೂ ನಮ್ಮ ಸಾಲಿ ಕಡೇದಾದ್ರ ನಾನೇ ಬಂದು ಬೀಗ ಹಾಕ್ತೀನಿ."

ಪಂಡಿತರು ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದರು. ಆ ಮಕ್ಕಳ ಕತೆಯೇ ಬೇರೆ ಅನ್ನೋಣವೆಂದರೆ, ಹಾಗಾದರೆ ಬಾವುಟ ಗೆದ್ದದ್ದೂ ಮಕ್ಕಳೇ ಅಂದಹಾಗಾಯಿತು. ಹೆಗಲ ಮೇಲಿನ ಶಾಲು ಬಿಸಿಯಾಯಿತು.

"ಭಲೇ!" ಅಂದ ರಾಜ. "ಕಡೇದನ್ನ ಮೊದಲನೇದು ಮಾಡ್ತೀರಲ್ಲ ಪಂಡಿತರ! ನಾಳೆಯೇ ಹೊರಡ್ರಿ!"

ಕೋಟೆ ಬೀದಿ ಸಾಲೆಗೆ ನೀಲವ್ವ ಕಾಲಿಟ್ಟಳು. ಒಂದು ಹುಡುಗಿಗೆ ಮಗ್ಗಿ ಕೇಳಿದಳು. ಗಡಗಡ ಒಪ್ಪಿಸಿತು. "ಯಾರು ಕಲಿಸಿದರವ್ವ?" "ನಮ್ಮ ಅಜ್ಜಾರು." ಒಬ್ಬ ಹುಡುಗನಿಗೆ ಪದ್ಯ ಕೇಳಿದಳು. ಕಣ್ಣುಮುಚ್ಚಿ ಹೇಳಿದ. "ಯಾರು ಕಲಿಸಿದರಪ?" "ನಮ್ಮ ಸೋದರತ್ತಿ." ಇನ್ನೊಬ್ಬನಿಗೆ ಲೆಕ್ಕ ಕೇಳಿದಳು. "ಇದನ್ನ ಮನಿಗಿ ಬರೋ ಶಾಸ್ತ್ರಿಗಳು ಹ್ವಾದ ವರ್ಷನ ಮಾಡಿಸ್ಯಾರ್ರಿ" ಅಂದ. ಕಲಿಸಲು ಅವಳಿಗೆ ಉಳಿದದ್ದು ಕೊಂಚವೇ. ಅವಳು ಮಾಡಿದ ದೊಡ್ಡ ಕೆಲಸ ಒಂದು. ಬಾಗಿಲಲ್ಲಿ ಮಗ್ಗಿ ಕೇಳುವುದನ್ನು ನಿಲ್ಲಿಸಿದಳು.

ಆದರೆ ಮನಸ್ಸೆಲ್ಲ ಹೊಳೆಯಾಚೆ. ಅಂಬಿಗರ ಭರಮಪ್ಪ ದೋಣಿ ಕಟ್ಟಿ ಬಂದಾಗಲೆಲ್ಲ ಸುದ್ದಿ ಕೇಳುತ್ತಿದ್ದಳು.

ಮೊದಲ ತಿಂಗಳು ಭರಮಪ್ಪ ಬಿದ್ದು ಬಿದ್ದು ನಕ್ಕ. "ಅಕ್ಕೋರ, ಪಂಡಿತರು ಸಂಸ್ಕೃತ ಶ್ಲೋಕ ಹಾಡಿದರು. ಹುಡುಗರು ಬಾಯಿ ತಕ್ಕೊಂಡು ನೋಡಿದ್ವು. ಮರುದಿನ ಹೊಳ್ಯಾಗ ಮೀನು ಬಂತು. ಸಾಲ್ಯಾಗ ಪಂಡಿತರೊಬ್ಬರ!"

ಮೂರನೇ ತಿಂಗಳೂ ನಕ್ಕ. "ಅಕ್ಕೋರ, ದ್ಯಾಮಿಗಿ ಎಣಿಸು ಅಂದ್ರು. ಅದು ಒಂಬತ್ತು ಹೇಳಿ 'ಭಾಳ' ಅಂತು. ಪಂಡಿತರಿಗಿ ಸಿಟ್ಟು ಬಂತು. 'ನಿನಗ ಇಲ್ಲಿ ಒಗ್ಗೂದಿಲ್ಲ, ಹೊಳಿಯಾಚಿ ಸಾಲಿಗಿ ಹೋಗು' ಅಂದ್ರು."

"ಅಯ್ಯ! ದ್ಯಾಮಿ ಏನಂದಳು?"

"'ಇದಾ ಅಲ್ಲೇನ್ರಿ ಹೊಳಿಯಾಚಿ ಸಾಲಿ?' ಅಂತು!"

ನೀಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಇಷ್ಟು ವರ್ಷ ಪಂಡಿತರು ಬೇಡದ ಮಕ್ಕಳನ್ನು ದಾಟಿಸಿದ್ದೇ ದಾಟಿಸಿದ್ದು. ಈಗ ತಾವೇ ಆಚೆ ದಡದಲ್ಲಿ ಕೂತಿದ್ದರು. ಅಲ್ಲಿಂದ ಮುಂದಕ್ಕೆ ದಾಟಿಸಲು ದಡವೇ ಇರಲಿಲ್ಲ.

ಆರನೇ ತಿಂಗಳು ಭರಮಪ್ಪ ನಗಲಿಲ್ಲ. "ಪಂಡಿತರು ರುಮಾಲು ಬಿಚ್ಚಿಟ್ಟು ನೆಲಕ್ಕ ಕೂತಿದ್ದರು ಅಕ್ಕೋರ. ಮುಂದ ಹುಣಸಿಬೀಜದ ರಾಶಿ. ದ್ಯಾಮಿ ತಮ್ಮ ಅವರ ತೊಡಿ ಮ್ಯಾಲ ನಿದ್ದಿ ಮಾಡಿತ್ತು. ದ್ಯಾಮಿ ಎಣಿಸಾಕ ಹತ್ತಿತ್ತು." ನೀಲವ್ವನೂ ನಗಲಿಲ್ಲ. ಹೌದಾ ಅಂದಳು.

ಆದರೆ ಹುಟ್ಟುಗುಣ ಅಷ್ಟು ಬೇಗ ಹೋಗುತ್ತದೆಯೇ? ಪರೀಕ್ಷೆ ಹತ್ತಿರ ಬಂತು. ಪಂಡಿತರಿಗೆ ಬಾವುಟ ನೆನಪಾಯಿತು.

ಭರಮಪ್ಪ ಓಡಿ ಬಂದ. "ಅಕ್ಕೋರ, ಪರೀಕ್ಷಿಗಿ ಐದೇ ಮಕ್ಕಳನ್ನ ದೋಣಿ ಹತ್ತಸು ಅಂದಾರ. ಉಳಿದ ಇಪ್ಪತ್ತು ಮಕ್ಕಳಿಗಿ ಮನ್ಯಾಗ ಇರ್ರಿ ಅಂದಾರ. ದ್ಯಾಮಿಗೂ."

ನೀಲವ್ವ ಕೇಳಿದಳು, "ಭರಮಣ್ಣ, ನಿನ್ನ ದೋಣ್ಯಾಗ ಎಷ್ಟು ಮಂದಿ ಹಿಡಸ್ತಾರ?"

"ಮೂರು ಸಲ ದಾಟಿಸಿದ್ರ ಕೇರಿಗಿ ಕೇರಿನಾ ಬರ್ತದ್ರಿ."

"ಹಂಗಾದ್ರ ಕೇರಿನಾ ತಾ. ಅಕ್ಕೋರು ಎಲ್ಲಾರನೂ ನೋಡಬೇಕಂತಾರ, ಮಕ್ಕಳನ್ನ ಬಿಟ್ಟು ಬರಬ್ಯಾಡ್ರಿ ಅಂತ ಹೇಳು."

ಪರೀಕ್ಷೆಯ ದಿನ ಬಂತು. ಅರಮನೆ ಅಂಗಳದಲ್ಲಿ ರಾಜ ಕೂತ. ಪಂಡಿತರು ತಂದ ಐದು ಮಕ್ಕಳು ಚೆನ್ನಾಗಿಯೇ ಹೇಳಿದವು. "ಅಬ್ಬಾ! ಕಡೇದು ಮೊದಲನೇದಾತು!" ಅಂದ ರಾಜ. ಪಂಡಿತರು ತಲೆ ಬಾಗಿಸಿ ಮೀಸೆಯಲ್ಲೇ ನಕ್ಕರು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಹೊಳೆಯಾಚೆ ಕೇರಿಯೇ ಒಳಗೆ ಬಂತು. ಮುಂದೆ ದ್ಯಾಮಿ, ಸೊಂಟದ ಮೇಲೆ ತಮ್ಮ. ಹಿಂದೆ ಹತ್ತೊಂಬತ್ತು ಮಕ್ಕಳು.

"ಯಾರವ್ವ ನೀವು?" ಅಂದ ರಾಜ.

ದ್ಯಾಮಿ ಸುಳ್ಳು ಕಲಿತವಳಲ್ಲ. "ನಾವು ಪರೀಕ್ಷಿಗಿ ಬರಬಾರದ ಮಕ್ಕಳ್ರಿ" ಅಂದಳು.

ರಾಜ ಪಂಡಿತರನ್ನು ನೋಡಿದ. ಪಂಡಿತರು ನೆಲ ನೋಡಿದರು. ಗುಂಪಿನಲ್ಲಿದ್ದ ಸೋಮನಿಂಗ ಮೆಲ್ಲಗೆ, ತೊದಲುತ್ತಲೇ ಅಂದ, "ಕೋ-ಕೋಟಿ ಸಾಲ್ಯಾಗೂ ನಾನು ಬ-ಬರಬಾರದವನೇ ಆಗಿದ್ದೆ ಮಹಾರಾಜರ." ಮೂರು ವರ್ಷದ ಬಾವುಟದ ಗುಟ್ಟು ರಾಜನಿಗೆ ಆಗ ತಿಳಿಯಿತು.

"ಎಲ್ಲಾ ಮಕ್ಕಳಿಗೂ ಪರೀಕ್ಷೆ ಆಗಲಿ" ಅಂದ ರಾಜ. ಆಯಿತು. ಹೊಳೆಯಾಚೆ ಸಾಲೆ ಮತ್ತೆ ಕಡೆಗೆ ಹೋಯಿತು. ನೀಲವ್ವನ ಕೈಯಲ್ಲಿದ್ದ ಕೋಟೆ ಬೀದಿ ಸಾಲೆ ಮತ್ತೆ ಮೊದಲು. ಕೈ ಬದಲಾಗಿತ್ತು, ಸಾಲು ಬದಲಾಗಿರಲಿಲ್ಲ. ರಾಜ ತಲೆ ಕೆರೆದುಕೊಂಡ.

ಇನ್ನು ಉಳಿದವಳು ದ್ಯಾಮಿ ಒಬ್ಬಳೇ, ಅವಳಿಂದ ಸಾಲು ಬದಲಾಗುವಂತಿರಲಿಲ್ಲ. ಎಣಿಸತೊಡಗಿದಳು. ಒಂದು, ಎರಡು, ಮೂರು... ಒಂಬತ್ತು ಬಂತು. ಹತ್ತು ಬಂತು. ಇಪ್ಪತ್ತು ಬಂತು, ಮೂವತ್ತು ಬಂತು, ನಲವತ್ತೊಂಬತ್ತು ಬಂತು. ಅಲ್ಲಿ ನಿಂತಿತು. ಹುಡುಗಿಯ ಕಣ್ಣು ತುಂಬಿತು. "ಭಾಳ" ಅನ್ನಲು ತುಟಿ ಅಲ್ಲಾಡಿತು.

"ಐವತ್ತು!" ಅಂತ ಯಾರೋ ಕೂಗಿದರು.

ನೋಡಿದರೆ ಪಂಡಿತ ಮಹಾಬಳಪ್ಪನವರು! ಶಾಲು ಜಾರಿ ಬಿದ್ದದ್ದೂ ಅವರಿಗೆ ಗೊತ್ತಿಲ್ಲ. "ಮೊನ್ನೆ ಹೇಳಿದ್ದಳು ಮಹಾರಾಜರ! ನಾನೇ ಕೇಳೀನಿ! ಜನ ನೋಡಿ ಅಂಜ್ಯಾಳ. ನಾ ಹೋದಾಗ ಒಂಬತ್ತು ದಾಟತಿರಲಿಲ್ಲ ಈ ಹುಡುಗಿ, ಒಂಬತ್ತು! ಅಲ್ಲಿಂದ ಇಲ್ಲಿಗಿ ತರೋದ್ರಾಗ ನನಗ ಎಷ್ಟು..." ಮಾತು ಅಲ್ಲಿಗೇ ನಿಂತಿತು. ತಾವು ಏನು ಹೇಳುತ್ತಿದ್ದೇವೆ ಅನ್ನುವುದು ಅವರಿಗೇ ಕೇಳಿಸಿತ್ತು.

ನೀಲವ್ವ ಎದ್ದು ನಿಂತಳು. "ಅಷ್ಟೇ ನಾ ಹೇಳಬೇಕಂತಿದ್ದೆ ಮಹಾರಾಜರ, ಅವರೇ ಹೇಳಿದರು. ಕೋಟಿ ಬೀದಿ ಮಕ್ಕಳು ನಾ ಹೋದಾಗ ನೂರು ಎಣಿಸ್ತಿದ್ದರು. ಈಗ ನೂರಾ ಹತ್ತು ಎಣಿಸ್ತಾರ. ದ್ಯಾಮಿ ಒಂಬತ್ತರಿಂದ ನಲವತ್ತೊಂಬತ್ತಕ್ಕ ಬಂದಾಳ. ಇದರಾಗ ಯಾವ ಗುರು ಹೆಚ್ಚು ದುಡದಾರ?"

ರಾಜ ಕೈಬೆರಳು ಮಡಚಿ ಎಣಿಸಿದ. ಒಂದು ಕೈ ಸಾಲದೆ ಇನ್ನೊಂದು ಕೈ ತೆಗೆದ. ಅದೂ ಸಾಲದೆ ಮಂತ್ರಿಯ ಕೈ ಹಿಡಿದ. ಆಮೇಲೆ ನಿಟ್ಟುಸಿರು ಬಿಟ್ಟು, "ಹಂಗಾದ್ರ ಪರೀಕ್ಷೆನೇ ಬ್ಯಾಡೇನವ್ವ?" ಅಂದ.

"ಬೇಕ್ರಿ. ಯಾವ ಕೂಸು ಎಲ್ಲಿ ಎಡವೇತಿ ಅಂತ ಗುರುವಿಗಿ ತಿಳಿಬೇಕಲ್ಲ. ಬಾಗಿಲಿಗಿ ಕಟ್ಟಿ ಊರಿಗಿ ತೋರಸಾಕ ಬ್ಯಾಡ. ಹಂಗ ತೋರಿಸಿದ ದಿನಾನ ಎಡವೋ ಕೂಸನ್ನ ಎಲ್ಲಾರೂ ಮುಚ್ಚಿಡತಾರ."

ರಾಜ ಅಂದೇ ಅಪ್ಪಣೆ ಕೊಟ್ಟ. ಸಾಲೆಗಳನ್ನು ಸಾಲಿಗೆ ನಿಲ್ಲಿಸುವುದು ನಿಂತಿತು. ಕುದುರೆಗಳಿಗೆ ಬೇರೆ ಲಾಯ ನೋಡಿದರು. ಕೋಟೆ ಬೀದಿ ಸಾಲೆಯ ಬಾಗಿಲು ಮಗ್ಗಿ ಬಾರದವರಿಗೂ ತೆರೆದೇ ಇರಬೇಕು ಅಂತಾಯಿತು. ತಾವು ಕಳಿಸಿಬಿಟ್ಟ ಮಕ್ಕಳ ಮನೆಮನೆಗೂ ಪಂಡಿತರೇ ಹೋಗಿ, ಬರ್ರಿ ಅಂತ ಕರೆಯಬೇಕು, ಅದೇ ಅವರಿಗೆ ದಂಡ. ಪಂಡಿತರು ಒಪ್ಪಿಕೊಂಡರು. ಕೋಟೆ ಬೀದಿಗೆ ಒಂದು ತಿಂಗಳು ತಡವಾಗಿ ಮರಳಿ ಬರುತ್ತೇನೆ ಅಂತ ಮಾತ್ರ ಬೇಡಿಕೊಂಡರು. "ಆ ಹುಡುಗಿ ನೂರು ಮುಟ್ಟಲಿ ಮಹಾರಾಜರ. ನಡುವ ಬಿಟ್ಟುಬಂದ್ರ ನನಗ ಊಟ ಸೇರೂದಿಲ್ಲ."

ನೀಲವ್ವ ಅವರನ್ನು ಕೂರಿಸಿಕೊಂಡೇ ಹೊಳೆ ದಾಟಿದಳು. ದೋಣಿಯಲ್ಲಿ ದ್ಯಾಮಿ ನೀರಿಗೆ ಕೈಬಿಟ್ಟು ಐವತ್ತೊಂದು, ಐವತ್ತೆರಡು ಅನ್ನುತ್ತಿದ್ದಳು. ತಪ್ಪಿದಾಗ ನೀಲವ್ವ ಬಾಯಿ ತೆರೆದರೆ, ಪಂಡಿತರು "ಸುಮ್ಮನಿರ್ರಿ ಅಕ್ಕೋರ, ಅದಾ ಹೇಳ್ತದ" ಅಂದರು.

ಕೇಳಿದಿರಾ, ಮಕ್ಕಳೇ? ಒಂದು ಮಗು ಎಲ್ಲಿಗೆ ಮುಟ್ಟಿತು ಅಂತಷ್ಟೇ ನೋಡಿ ಗುರುವಿಗೆ ಬೆಲೆ ಕಟ್ಟಬಾರದು. ಎಲ್ಲಿಂದ ಹೊರಟಿತ್ತು ಅಂತಲೂ ಕೇಳಬೇಕು. ಎಡವುವವರನ್ನು ಹೊರಗೆ ಹಾಕಿ ಮೊದಲು ಬರುವುದು ಗೆಲುವಲ್ಲ. ಅವರ ಕೈ ಹಿಡಿದು ನಡೆಸುವುದೇ ವಿದ್ಯೆ.

ಹೇಳುವಷ್ಟು ನಾನು ಹೇಳಿದೆ, ಹೊರುವಷ್ಟು ನೀವು ಹೊತ್ತುಕೊಂಡು ಹೋಗಿರಿ.